ಹಂಡೆಯ ನೀರು, ತಾಮ್ರದ ಗುಳಿಗೆ

(ಶಿವಮೊಗ್ಗದ ಕಾಲೇಜೊಂದರಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಮಾತಿನ ಧಾಟಿ ಹಾಗೇ ಇದೆ, ಎರಡೆರಡು ಸಲ ಹೇಳಿದ್ದನ್ನು ಮಾತ್ರ ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಳೆ ಜೋರಾಗಿದೆ, ಹಿಂದಿನ ಸಾಲಿನವರಿಗೆ ಕೇಳಿಸದಿದ್ದರೆ ಕೈ ಎತ್ತಿ, ದನಿ ಏರಿಸುತ್ತೇನೆ.

ಮೊದಲು ಈ ಡಬ್ಬಿ ಒಂದು ಸುತ್ತು ಹೋಗಿ ಬರಲಿ. ಒಳಗೆ ಆರು ಗುಳಿಗೆ ಇವೆ. ಕಪ್ಪಗೆ, ಹೆಚ್ಚುಕಡಿಮೆ ಕಾಳುಮೆಣಸಿನ ಗಾತ್ರ, ಆದರೆ ಉರುಟಾಗಿಲ್ಲ, ಸಣ್ಣ ಸಿಲಿಂಡರ್ ಥರ. ಮುಟ್ಟಿದರೆ ಬೆರಳಿಗೆ ಮಸಿ ಹತ್ತುತ್ತದೆ. ಅದು ಗ್ರಾಫೈಟ್, ಪೆನ್ಸಿಲ್ ಕಡ್ಡಿಯಲ್ಲಿ ಇರುವುದೇ. ಗುಳಿಗೆ ಒತ್ತುವಾಗ ಅಚ್ಚಿಗೆ ಅಂಟದಿರಲಿ ಅಂತ ಸ್ವಲ್ಪ ಸೇರಿಸಿರುತ್ತಾರೆ. ನೋಡಿ, ಮುಟ್ಟಿ, ಬಾಯಿಗೆ ಮಾತ್ರ ಹಾಕಬೇಡಿ.

ಮೆಥನಾಲ್ ಕಾರ್ಖಾನೆಯ ಹೊಟ್ಟೆಯಲ್ಲಿ ಇರುವುದು ಇದು. ಪಠ್ಯಪುಸ್ತಕದಲ್ಲಿ ವೇಗವರ್ಧಕ ಅಂತ ಬರೆದಿರುತ್ತದೆ, ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯ ವೇಗ ಏರಿಸುವ ವಸ್ತು. ಕಾರ್ಖಾನೆಯಲ್ಲಿ ಯಾರ ಬಾಯಲ್ಲೂ ಆ ಪದ ಬರುವುದಿಲ್ಲ, ಕ್ಯಾಟಲಿಸ್ಟ್ ಅಂತಲೇ ಹೇಳುತ್ತೇವೆ. ನಾನೂ ಹಾಗೇ ಹೇಳುತ್ತೇನೆ.

ಮೆಥನಾಲ್ ನೀರಿನಷ್ಟೇ ತಿಳಿಯಾದ ದ್ರವ. 64.7 ಡಿಗ್ರಿಗೆ ಕುದಿಯುತ್ತದೆ. ಕುಡಿದರೆ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸಾಯಿಸುತ್ತದೆ, ಜೀವವೂ ಹೋಗುತ್ತದೆ. ಪೇಪರಿನಲ್ಲಿ ಕಳ್ಳಬಟ್ಟಿ ಸಾವು ಅಂತ ಓದುತ್ತೀರಲ್ಲ, ಬಹಳ ಸಲ ಅದರೊಳಗೆ ಇರುವುದು ಇದೇ. ಆದರೂ ಜಗತ್ತು ಇದನ್ನು ವರ್ಷಕ್ಕೆ ಹತ್ತು ಕೋಟಿ ಟನ್ನಿಗೂ ಜಾಸ್ತಿ ಮಾಡುತ್ತದೆ. ಯಾಕೆ ಅಂತೀರಾ? ನಿಮ್ಮ ಮುಂದಿರುವ ಡೆಸ್ಕಿನ ಪ್ಲೈವುಡ್ ನೋಡಿ. ಆ ಪದರಗಳನ್ನು ಹಿಡಿದಿಟ್ಟ ಅಂಟಿಗೆ ಫಾರ್ಮಾಲ್ಡಿಹೈಡ್ ಬೇಕು, ಫಾರ್ಮಾಲ್ಡಿಹೈಡಿಗೆ ಮೆಥನಾಲ್ ಬೇಕು. ಪೇಂಟು, ಪ್ಲಾಸ್ಟಿಕ್ಕು, ಅಸಿಟಿಕ್ ಆಮ್ಲ, ಈಚೆಗೆ ಹಡಗಿನ ಇಂಧನ ಕೂಡ.

ಇದಕ್ಕೂ ನಮ್ಮೂರಿಗೂ ಏನು ಸಂಬಂಧ ಅಂತ ಕೇಳಿದರೆ, ಬಹಳ ಹತ್ತಿರದ ಸಂಬಂಧ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಿಮಗೆಲ್ಲ ಗೊತ್ತು. ಅದರ ಮೊದಲ ಹೆಸರು ಎಷ್ಟು ಜನಕ್ಕೆ ಗೊತ್ತು? ಮೈಸೂರು ವುಡ್ ಡಿಸ್ಟಿಲೇಶನ್ ಅಂಡ್ ಐರನ್ ವರ್ಕ್ಸ್. ಕಬ್ಬಿಣಕ್ಕಿಂತ ಮೊದಲು ಮರದ ಹೆಸರು! ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ರೂಪುಗೊಂಡ ಯೋಜನೆ ಅದು. ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ. ಅದಿರು ಕೆಮ್ಮಣ್ಣುಗುಂಡಿಯಲ್ಲಿತ್ತು, ಮರ ಸುತ್ತಲಿನ ಕಾಡಿನಲ್ಲಿತ್ತು. ಹಾಗಾಗಿ ಇದ್ದಿಲಿನಲ್ಲೇ ಕಬ್ಬಿಣ ಕರಗಿಸುವುದು ಅಂತಾಯಿತು. 1923ರಲ್ಲಿ ಊದುಕುಲುಮೆ ಹೊತ್ತಿತು.

ಇದ್ದಿಲು ಸುಡುವವರನ್ನು ಹಿಂದಿನವರು ನೋಡಿರುತ್ತೀರಿ. ಸೌದೆ ಒಟ್ಟಿ, ಮಣ್ಣು ಮೆತ್ತಿ, ಗಾಳಿಯಾಡದ ಹಾಗೆ ಒಳಗೊಳಗೇ ಸುಡುವುದು. ಹೊಗೆಯೆಲ್ಲ ಆಕಾಶಕ್ಕೆ. ಭದ್ರಾವತಿಯಲ್ಲಿ ಆ ಹೊಗೆಯನ್ನು ಬಿಡಲಿಲ್ಲ. ಉಕ್ಕಿನ ಪಾತ್ರೆಯಲ್ಲಿ ಮರ ಕಾಯಿಸಿ, ಹೊಗೆಯನ್ನು ತಣಿಸಿ, ಟಾರು ಮತ್ತು ಹುಳಿನೀರು ಬೇರೆ ಮಾಡಿದರು. ಆ ಹುಳಿನೀರಿನಲ್ಲಿ ಅಸಿಟಿಕ್ ಆಮ್ಲದ ಜೊತೆ ಮೆಥನಾಲ್ ಇರುತ್ತದೆ. ಅದಕ್ಕೇ ಅದಕ್ಕೆ ಮರದ ಆಲ್ಕೋಹಾಲ್ ಅನ್ನುವ ಹೆಸರು. ಒಂದು ಟನ್ ಗಟ್ಟಿ ಮರಕ್ಕೆ ಸಿಗುವುದು ಹತ್ತು ಇಪ್ಪತ್ತು ಕಿಲೋ. ಈ ಲೆಕ್ಕ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಈಗ ತಮಾಷೆ ನೋಡಿ. ಅದೇ 1923ರಲ್ಲಿ ಜರ್ಮನಿಯ ಲಾಯ್ನಾ ಅನ್ನುವ ಊರಿನಲ್ಲಿ ಬಿಎಎಸ್‌ಎಫ್ ಕಂಪನಿ ಮರವೇ ಇಲ್ಲದೆ ಮೆಥನಾಲ್ ಮಾಡಲು ಶುರು ಮಾಡಿತು. ಮಥಿಯಾಸ್ ಪೀರ್ ಎಂಬ ರಸಾಯನಶಾಸ್ತ್ರಜ್ಞ ಮುಂದೆ ನಿಂತು ಮಾಡಿಸಿದ ಕೆಲಸ. ಕಾರ್ಬನ್ ಮೊನಾಕ್ಸೈಡ್ ಒಂದು ಪಾಲು, ಹೈಡ್ರೋಜನ್ ಎರಡು ಪಾಲು, ಒತ್ತಿ ಸೇರಿಸಿದರೆ ಮೆಥನಾಲ್. ಇಲ್ಲಿ ನಾವು ಇದ್ದಿಲಿನ ಹೊಗೆಯಿಂದ ಹನಿ ಹನಿ ಹಿಡಿಯಲು ಹೊರಟ ವರ್ಷವೇ ಅಲ್ಲಿ ಆ ದಾರಿ ಹಳೆಯದಾಯಿತು. ಕೆಲವೇ ವರ್ಷದಲ್ಲಿ ಜರ್ಮನಿಯ ಅಗ್ಗದ ಮೆಥನಾಲ್ ಬಂದು ಅಮೆರಿಕದ ಮರದ ಆಲ್ಕೋಹಾಲಿನವರೇ ತತ್ತರಿಸಿಹೋದರು. ಭದ್ರಾವತಿಯವರನ್ನು ಇದಕ್ಕೆ ಬೈಯುವುದು ಸರಿಯಲ್ಲ ಅಂತ ನನಗೆ ಅನಿಸುತ್ತದೆ. ಅವರಿಗೆ ಬೇಕಿದ್ದದ್ದು ಇದ್ದಿಲು. ಮೆಥನಾಲ್ ಮಜ್ಜಿಗೆ ಕಡೆದಾಗ ಬಂದ ಬೆಣ್ಣೆಯ ಪಕ್ಕದ ಮಜ್ಜಿಗೆ ಇದ್ದ ಹಾಗೆ, ಅದೂ ಇರಲಿ ಅಂತ.

ಲಾಯ್ನಾದವರ ಕ್ಯಾಟಲಿಸ್ಟ್ ಇದಲ್ಲ. ಅವರದು ಸತುವಿನ ಆಕ್ಸೈಡ್ ಮತ್ತು ಕ್ರೋಮಿಯಂ ಆಕ್ಸೈಡ್ ಬೆರಕೆ. ಗಟ್ಟಿ ಜೀವ, ಆದರೆ ಮಂದ. ಎದ್ದು ಕೆಲಸ ಮಾಡಬೇಕು ಅಂದರೆ 300ರಿಂದ 400 ಡಿಗ್ರಿ ಬಿಸಿ ಬೇಕು. ಬಿಸಿ ಜಾಸ್ತಿ ಆದಷ್ಟೂ ಮೆಥನಾಲ್ ಹಿಂದಕ್ಕೆ ಒಡೆಯುತ್ತದೆ. ಅದನ್ನು ತಡೆಯಲು ಒತ್ತಡ ಏರಿಸಬೇಕು, 250ರಿಂದ 350 ಬಾರ್. ನಿಮ್ಮ ಸ್ಕೂಟರಿನ ಟೈರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ, ಲೆಕ್ಕ ಹಾಕಿ. ಒತ್ತಡ ಯಾಕೆ ಸಹಾಯ ಮಾಡುತ್ತದೆ ಅಂದರೆ, ಮೂರು ಪಾಲು ಅನಿಲ ಹೋಗಿ ಒಂದು ಪಾಲು ಆಗುತ್ತದೆ. ಬಸ್ಸಿನಲ್ಲಿ ನೂಕುನುಗ್ಗಲು ಜಾಸ್ತಿ ಆದರೆ ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಳ್ಳುತ್ತೇವಲ್ಲ, ಹಾಗೆ. ಜಾಗ ಕಮ್ಮಿ ಹಿಡಿಯುವ ಕಡೆಗೆ ಎಲ್ಲವೂ ವಾಲುತ್ತದೆ.

ತಾಮ್ರ ಚುರುಕು ಅಂತ ಆಗಲೇ ಗೊತ್ತಿತ್ತು. 1920ರ ದಶಕದಲ್ಲೇ ಗೊತ್ತಿತ್ತು. ಮತ್ತೆ ಯಾಕೆ ಬಳಸಲಿಲ್ಲ? ಗಂಧಕ. ಆ ಕಾಲದಲ್ಲಿ ಅನಿಲ ಬರುತ್ತಿದ್ದದ್ದು ಕಲ್ಲಿದ್ದಲಿನಿಂದ, ಅದರಲ್ಲಿ ಗಂಧಕ ಧಾರಾಳ. ತಾಮ್ರಕ್ಕೆ ಗಂಧಕ ತಾಗಿದರೆ ಮುಗಿಯಿತು. ಹಿತ್ತಾಳೆ ತಾಮ್ರದ ಪಾತ್ರೆ ಕಪ್ಪಾಗುವುದನ್ನು ನೋಡಿದ್ದೀರಲ್ಲ, ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೋಗುತ್ತದೆ. ಇಲ್ಲಿ ತಿಕ್ಕಲು ಆಗುವುದಿಲ್ಲ. ಒಂದು ಕೋಟಿ ಪಾಲು ಅನಿಲದಲ್ಲಿ ಒಂದು ಪಾಲು ಗಂಧಕ ಇದ್ದರೂ ಈ ಗುಳಿಗೆಗೆ ಜಾಸ್ತಿಯೇ.

ಹಾಗಾಗಿ ತಾಮ್ರ ನಲವತ್ತು ವರ್ಷ ಕಾಯಬೇಕಾಯಿತು. ನೈಸರ್ಗಿಕ ಅನಿಲ ಮತ್ತು ನಾಫ್ತಾ ಅನ್ನುವ ಪೆಟ್ರೋಲಿಯಂ ದ್ರವದಿಂದ ಚೊಕ್ಕ ಅನಿಲ ಮಾಡುವುದು ಕಲಿತ ಮೇಲೆ, 1966ರಲ್ಲಿ ಇಂಗ್ಲೆಂಡಿನ ಬಿಲಿಂಗ್‌ಹ್ಯಾಮ್‌ನಲ್ಲಿ ಐಸಿಐ ಕಂಪನಿ ತಾಮ್ರ, ಸತು, ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಸೇರಿದ ಕ್ಯಾಟಲಿಸ್ಟ್ ಇಟ್ಟು ಕಾರ್ಖಾನೆ ಓಡಿಸಿತು. ಒತ್ತಡ ಐವತ್ತರ ಆಸುಪಾಸಿಗೆ ಇಳಿಯಿತು, ಬಿಸಿ 250ರ ಆಸುಪಾಸಿಗೆ. ಎಲ್ಲರೂ ಇದನ್ನು ಕ್ಯಾಟಲಿಸ್ಟಿನ ಗೆಲುವು ಅಂತ ಹೊಗಳುತ್ತಾರೆ. ನನ್ನ ಕೇಳಿದರೆ ಅರ್ಧಕ್ಕಿಂತ ಜಾಸ್ತಿ ಹೆಗ್ಗಳಿಕೆ ಅನಿಲ ತೊಳೆದವರಿಗೆ ಹೋಗಬೇಕು. ತೊಳೆಯುವ ವಿಷಯದಲ್ಲಿ ಒಂದು ಸ್ವಾರಸ್ಯ ಹೇಳಿ ಮುಂದೆ ಹೋಗುತ್ತೇನೆ. ಕಲ್ಲಿದ್ದಲಿನ ಅನಿಲದಿಂದ ಗಂಧಕ ತೆಗೆಯಲು ಈಗ ಬಹಳ ಕಡೆ ಬಳಸುವ ದ್ರವ ಯಾವುದು ಗೊತ್ತಾ? ಮೈನಸ್ 40 ಡಿಗ್ರಿಗೂ ಕೆಳಗೆ ತಣಿಸಿದ ಮೆಥನಾಲ್. ಮೆಥನಾಲ್ ಮಾಡಲು ಮೆಥನಾಲಿನಲ್ಲೇ ಮೀಯಿಸುತ್ತಾರೆ.

ಡಬ್ಬಿ ಎಲ್ಲಿ ಬಂತು? ಸರಿ, ಅಲ್ಲೇ ಇರಲಿ.

ಆ ಗುಳಿಗೆ ಹೇಗೆ ಆಗುತ್ತದೆ ಅಂತ ಸ್ವಲ್ಪ ಹೇಳಬೇಕು. ತಾಮ್ರ, ಸತು, ಅಲ್ಯೂಮಿನಿಯಂ ನೈಟ್ರೇಟುಗಳನ್ನು ನೀರಿನಲ್ಲಿ ಕರಗಿಸಿ, ಬೆಚ್ಚಗೆ 60, 70 ಡಿಗ್ರಿಯಲ್ಲಿ ಇಟ್ಟು, ವಾಷಿಂಗ್ ಸೋಡಾ ನೀರು ಬಿಡುತ್ತಾ ಹೋಗುತ್ತಾರೆ. ನೀಲಿ ಲೋಳೆಯ ಹಾಗೆ ಗಷ್ಟು ಕೂರುತ್ತದೆ. ಆಗ ಅವಸರ ಮಾಡಿ ಸೋಸಿದರೆ ಕೆಟ್ಟಿತು. ಕಲಕುತ್ತಾ ಹಾಗೇ ಬಿಡಬೇಕು. ಸ್ವಲ್ಪ ಹೊತ್ತಿಗೆ ನೀಲಿ ಹೋಗಿ ಹಸಿರು ಛಾಯೆ ಬರುತ್ತದೆ. ಒಳಗೆ ಹರಳಿನ ಕಟ್ಟಡವೇ ಬದಲಾಗಿರುತ್ತದೆ, ತಾಮ್ರದ ಜಾಗದಲ್ಲಿ ಅಲ್ಲಲ್ಲಿ ಸತು ಹೋಗಿ ಕೂತಿರುತ್ತದೆ. ಇದಕ್ಕೆ ಕನ್ನಡದಲ್ಲಿ ಎಷ್ಟು ಚೆಂದದ ಪದ ಇದೆ ನೋಡಿ: ಹದ. ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತವನು ನೊರೆ ನೋಡಿ ಹೇಳುತ್ತಾನಲ್ಲ, ಅದೇ ಹದ. ಆಮೇಲೆ ತೊಳೆದು, ಒಣಗಿಸಿ, 300 ಡಿಗ್ರಿಯಷ್ಟರಲ್ಲಿ ಸುಟ್ಟು, ಗುಳಿಗೆ ಒತ್ತುತ್ತಾರೆ. ಹತ್ತು ಪಾಲಿನಲ್ಲಿ ಆರು ಪಾಲು ತಾಮ್ರದ ಆಕ್ಸೈಡ್, ಮೂರು ಸತುವಿನದು, ಒಂದು ಅಲ್ಯೂಮಿನಾ ಅಂತ ಸ್ಥೂಲ ಲೆಕ್ಕ.

ಕೆಲಸ ಮಾಡುವುದು ತಾಮ್ರ ತಾನೇ, ಉಳಿದೆರಡು ಯಾಕೆ? ಸಂತೆಗೆ ಮಡಕೆ ತರುವವರು ಮಡಕೆ ಮಡಕೆ ನಡುವೆ ಹುಲ್ಲು ತುರುಕುತ್ತಾರಲ್ಲ, ಅದಕ್ಕೆ. ತಾಮ್ರದ ಕಣಗಳು ಬಹಳ ಸಣ್ಣವು, ಒಂದು ಮಿಲಿಮೀಟರಿನ ಲಕ್ಷದಲ್ಲಿ ಒಂದು ಪಾಲಿನಷ್ಟು. ಎಷ್ಟು ಸಣ್ಣವೋ ಅಷ್ಟು ಮೈ ಜಾಸ್ತಿ, ಎಷ್ಟು ಮೈ ಇದೆಯೋ ಅಷ್ಟು ಕೆಲಸ. ಬಿಟ್ಟರೆ ಅವು ಒಂದಕ್ಕೊಂದು ಅಂಟಿ ದಪ್ಪ ಆಗುತ್ತವೆ. ನಮ್ಮ ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಏನಾಗುತ್ತದೆ? ಹೆಂಟೆ. ಇಲ್ಲೂ ಹೆಂಟೆಯೇ. ಬಿಸಿ 300 ಹತ್ತಿರ ಹೋದರೆ ಬೇಗ ಆಗುತ್ತದೆ, ಒಳಗೆ ನೀರಿನ ಆವಿ ಜಾಸ್ತಿ ಇದ್ದರೆ ಇನ್ನೂ ಬೇಗ. ಸತು ಮತ್ತು ಅಲ್ಯೂಮಿನಾ ನಡುವೆ ನಿಂತು ಬಿಡಿಸುತ್ತವೆ. ಸತು ಅಷ್ಟೇ ಅಲ್ಲದೆ ತಾಮ್ರದ ಕೆಲಸಕ್ಕೂ ಕೈ ಹಾಕುತ್ತದೆ, ಹೇಗೆ ಅನ್ನುವುದರ ಮೇಲೆ ವಿಜ್ಞಾನಿಗಳು ಇನ್ನೂ ಜಗಳ ಆಡುತ್ತಿದ್ದಾರೆ.

ಈಗ ನನಗೆ ಇಷ್ಟವಾದ ಭಾಗ. ಬಿಸಿ.

ಮೆಥನಾಲ್ ಆಗುವಾಗ ಶಾಖ ಹೊರಗೆ ಬರುತ್ತದೆ. ಒಂದು ಟನ್ ಮೆಥನಾಲ್ ಆಗುವಾಗ ಬರುವ ಶಾಖದಲ್ಲಿ ಒಂದು ಟನ್ನಿಗೂ ಮಿಕ್ಕಿ ನೀರು ಹಬೆ ಮಾಡಬಹುದು. ದಿನಕ್ಕೆ 5,000 ಟನ್ ಮಾಡುವ ಕಾರ್ಖಾನೆಗಳಿವೆ. ಆ ಶಾಖ ತೆಗೆಯದಿದ್ದರೆ ಎರಡು ಕೇಡು. ಮೆಥನಾಲ್ ಹಿಂದಕ್ಕೆ ಒಡೆಯುತ್ತದೆ, ತಾಮ್ರ ಹೆಂಟೆ ಕಟ್ಟುತ್ತದೆ. ಹಾಗಾಗಿ ರಿಯಾಕ್ಟರ್ ಅಂದರೆ ಬೆಂಕಿ ಹಾಕುವ ಪಾತ್ರೆ ಅಂದುಕೊಳ್ಳಬೇಡಿ. ಅದು ತಣಿಸುವ ಪಾತ್ರೆ. ಬೇರೆ ಬೇರೆ ಕಂಪನಿಯವರ ರಿಯಾಕ್ಟರ್ ನಡುವೆ ಇರುವ ವ್ಯತ್ಯಾಸವೆಲ್ಲ ತಣಿಸುವ ಉಪಾಯದ್ದು.

ನಮ್ಮ ಬಚ್ಚಲುಮನೆಗೆ ಬನ್ನಿ. ಹಂಡೆಯಲ್ಲಿ ಕುದಿಯುವ ನೀರು. ಮೈಮೇಲೆ ಹಾಗೇ ಹೊಯ್ದುಕೊಳ್ಳಲು ಆಗುತ್ತದಾ? ತಣ್ಣೀರು ಬೆರಸುತ್ತೇವೆ. ಐಸಿಐನವರು ಮಾಡಿದ್ದು ಅದನ್ನೇ. ದೊಡ್ಡ ಪಾತ್ರೆಯಲ್ಲಿ ಕ್ಯಾಟಲಿಸ್ಟ್ ತುಂಬಿ, ಮೇಲಿನಿಂದ ಅನಿಲ ಬಿಟ್ಟು, ಬಿಸಿ ಏರಿದ ಕಡೆ ಪಕ್ಕದಿಂದ ತಣ್ಣನೆಯ ಅನಿಲ ಬೆರಸುವುದು. ಮತ್ತೆ ಸ್ವಲ್ಪ ದೂರ ಹೋಗಿ ಬಿಸಿ ಏರುತ್ತದೆ, ಮತ್ತೆ ಬೆರಸುವುದು. ಬಿಸಿಯ ಗ್ರಾಫ್ ಹಾಕಿದರೆ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಸುಲಭ, ಅಗ್ಗ. ಆದರೆ ಬೆರಸಿದ ಅನಿಲಕ್ಕೆ ಮೇಲಿನ ಕ್ಯಾಟಲಿಸ್ಟ್ ಸಿಗುವುದೇ ಇಲ್ಲ. ಮೇಲೆ ತುಂಬಿದ್ದರ ಪೂರ್ತಿ ಪ್ರಯೋಜನ ಆಗುವುದಿಲ್ಲ.

ಇನ್ನೊಂದು ಉಪಾಯ ಜರ್ಮನಿಯ ಲುರ್ಗಿ ಕಂಪನಿಯದು. ಇದನ್ನು ಮೊದಲ ಸಲ ಕೇಳಿದಾಗ ನನಗೆ ನೆನಪಾದದ್ದು ನಮ್ಮಜ್ಜಿ. ತೀರ್ಥಹಳ್ಳಿ ಕಡೆ ನಮ್ಮ ಮನೆ. ಬಚ್ಚಲೊಲೆಗೆ ನಾವು ಮಕ್ಕಳು ಸುಮ್ನೆ ಸೌದೆ ತುರುಕುತ್ತಾ ಕೂತರೆ ಅಜ್ಜಿ ಬೈಯುತ್ತಿದ್ದಳು. "ಕುದೀತಾ ಇರೋ ನೀರಿಗೆ ಎಷ್ಟು ಸೌದೆ ಹಾಕಿದ್ರೂ ಅಷ್ಟೇ ಬಿಸಿ ಕಣೋ, ಹಬೆ ಹೋಗ್ತದೆ ಅಷ್ಟೆ." ಲುರ್ಗಿ ರಿಯಾಕ್ಟರಿನ ಪೂರ್ತಿ ತತ್ವ ಇದು. ಸಾವಿರಾರು ಟ್ಯೂಬು, ಒಂದೊಂದು ಸುಮಾರು ನಾಲ್ಕು ಸೆಂಟಿಮೀಟರ್ ಅಗಲ, ಆರೇಳು ಮೀಟರ್ ಉದ್ದ. ಟ್ಯೂಬಿನ ಒಳಗೆ ಆ ಗುಳಿಗೆ, ಹೊರಗೆ ಸುತ್ತಲೂ ಕುದಿಯುವ ನೀರು. ಒಳಗೆ ಶಾಖ ಎಷ್ಟೇ ಬರಲಿ, ನೀರು ಹಬೆಯಾಗಿ ಅದನ್ನು ಹೊತ್ತುಕೊಂಡು ಹೋಗುತ್ತದೆ, ತನ್ನ ಬಿಸಿ ಏರಿಸಿಕೊಳ್ಳುವುದಿಲ್ಲ.

ಆದರೆ ನೀರು ನೂರು ಡಿಗ್ರಿಗೆ ಕುದಿಯುತ್ತದೆ, ನಮಗೆ 250 ಬೇಕು, ಅಲ್ವಾ? ಕುಕ್ಕರ್ ನೆನಪಿಸಿಕೊಳ್ಳಿ. ಮುಚ್ಚಿ ಒತ್ತಡ ಕೊಟ್ಟರೆ ನೀರು 120ಕ್ಕೆ ಕುದಿಯುತ್ತದೆ. 40 ಬಾರ್ ಕೊಟ್ಟರೆ 250ಕ್ಕೆ. ಹಾಗಾಗಿ ಕಂಟ್ರೋಲ್ ರೂಮಿನಲ್ಲಿ ಕೂತವನು ರಿಯಾಕ್ಟರಿನ ಬಿಸಿಯನ್ನು ಮುಟ್ಟುವುದೇ ಇಲ್ಲ, ಹಬೆಯ ಒತ್ತಡದ ವಾಲ್ವ್ ಒಂದನ್ನು ನೋಡಿಕೊಳ್ಳುತ್ತಾನೆ. ಒತ್ತಡ ಒಂದು ಬಾರ್ ಏರಿಸಿದರೆ ನೀರಿನ ಬಿಸಿ ಒಂದೂವರೆ ಡಿಗ್ರಿ ಏರುತ್ತದೆ. ಕ್ಯಾಟಲಿಸ್ಟಿಗೆ ವಯಸ್ಸಾದ ಹಾಗೆ, ಮೂರು ನಾಲ್ಕು ವರ್ಷದಲ್ಲಿ, ಹೀಗೆ ಸ್ವಲ್ಪ ಸ್ವಲ್ಪ ಏರಿಸುತ್ತಾ ಕೆಲಸ ತೆಗೆಯುತ್ತಾರೆ. ಸಿಕ್ಕ ಹಬೆಯಲ್ಲಿ ಟರ್ಬೈನ್ ತಿರುಗಿಸುತ್ತಾರೆ. ಇಂಜಿನಿಯರಿಂಗಿನಲ್ಲಿ ಇಷ್ಟು ಚೊಕ್ಕ ಉಪಾಯ ನಾನು ಜಾಸ್ತಿ ನೋಡಿಲ್ಲ. ಒಂದೇ ಕಷ್ಟ, ಅಷ್ಟು ಟ್ಯೂಬು ಬೆಸುಗೆ ಹಾಕಿದ ಪಾತ್ರೆ ದುಬಾರಿ, ಭಾರ, ಘಾಟಿ ರಸ್ತೆಯಲ್ಲಿ ಸಾಗಿಸುವ ಮಾತೇ ಬೇಡ. ಟಾಪ್ಸೋ, ಲಿಂಡೆ, ಕಸಾಲೆ, ಮಿತ್ಸುಬಿಷಿ ಎಲ್ಲರದೂ ಒಂದೊಂದು ಬಗೆ ಇದೆ. ಬೆರಕೆ ಮತ್ತು ಹಂಡೆ, ಈ ಎರಡು ತಿಳಿದರೆ ಉಳಿದವನ್ನು ನೀವೇ ಊಹಿಸಬಹುದು.

ಎಷ್ಟು ಒಳ್ಳೆಯ ರಿಯಾಕ್ಟರ್ ಆದರೂ ಅನಿಲ ಒಂದೇ ಸಲಕ್ಕೆ ಪೂರ್ತಿ ಮೆಥನಾಲ್ ಆಗುವುದಿಲ್ಲ. ಕಬ್ಬನ್ನು ಗಾಣಕ್ಕೆ ಮತ್ತೆ ಕೊಡುತ್ತೇವಲ್ಲ, ಹಾಗೆ ತಣಿಸಿ, ಮೆಥನಾಲ್ ಬಸಿದು, ಉಳಿದ ಅನಿಲವನ್ನು ಮತ್ತೆ ಒಳಗೆ ಕಳಿಸುತ್ತೇವೆ. ಸುತ್ತು, ಸುತ್ತು.

ಒಂದು ರಾತ್ರಿಯ ಕಥೆ ಹೇಳಬೇಕು. ಪಶ್ಚಿಮ ಕರಾವಳಿಯ ಒಂದು ಕಾರ್ಖಾನೆ, ಹೆಸರು ಬೇಡ. ನಾನು ಹೊಸಬ. ನಿಮ್ಮ ಕೈಯಲ್ಲಿರುವ ಗುಳಿಗೆ ಕಪ್ಪಗಿದೆ, ಅಂದರೆ ತಾಮ್ರ ಇನ್ನೂ ಆಕ್ಸೈಡ್ ಆಗಿಯೇ ಇದೆ. ರಿಯಾಕ್ಟರಿಗೆ ತುಂಬಿದ ಮೇಲೆ ಹೈಡ್ರೋಜನ್ ಕೊಟ್ಟು ಅದನ್ನು ತಾಮ್ರ ಮಾಡಬೇಕು. ಇದಕ್ಕೆ ರಿಡಕ್ಷನ್ ಅನ್ನುತ್ತೇವೆ. ಅದರಲ್ಲೂ ಶಾಖ ಬರುತ್ತದೆ. ಅದಕ್ಕೇ ನೈಟ್ರೋಜನ್ ಸುತ್ತಿಸುತ್ತಾ, ನೂರಕ್ಕೆ ಒಂದು ಪಾಲು ಹೈಡ್ರೋಜನ್ ಮಾತ್ರ ಬೆರಸಿ, ಎರಡು ಮೂರು ದಿನ ನಿಧಾನ ಮಾಡಬೇಕು. ಎಷ್ಟು ಆಯಿತು ಅಂತ ತಿಳಿಯುವುದು ಹೇಗೆ? ಆಕ್ಸಿಜನ್ ನೀರಾಗಿ ಹೊರಗೆ ಬರುತ್ತದೆ. ಆ ನೀರನ್ನು ಕ್ಯಾನಿನಲ್ಲಿ ಹಿಡಿದು ತೂಗಿ ಬರೆಯಬೇಕು. ಆ ಕೆಲಸ ನನ್ನದು. ಗಂಟೆಗೊಂದು ಸಲ ಕೆಳಗಿಳಿದು, ವಾಲ್ವ್ ತಿರುಗಿಸಿ, ಕ್ಯಾನು ತೂಗಿ, ಪುಸ್ತಕದಲ್ಲಿ ಬರೆದು ಬರುವುದು.

ಎರಡನೇ ರಾತ್ರಿ ನೀರು ಇದ್ದಕ್ಕಿದ್ದಂತೆ ಜಾಸ್ತಿ ಬಂತು. ನನಗೆ ಖುಷಿ, ಬೇಗ ಮುಗಿಯುತ್ತದೆ ಅಂತ. ಮೇಲೆ ಹೋಗಿ ಹೇಳಿದೆ. ಅಲ್ಲಿ ಎಲ್ಲರ ಮುಖ ಬಿಳಿಚಿತ್ತು. ಬೆಳಗ್ಗೆ ಒಳಗೆ ಮುಗಿಸಬೇಕು ಅಂತ ಯಾರೋ ಹೈಡ್ರೋಜನ್ ಸ್ವಲ್ಪ ಜಾಸ್ತಿ ಬಿಟ್ಟಿದ್ದರು. 230 ದಾಟಬಾರದ ಜಾಗದಲ್ಲಿ ಬಿಸಿ ಅಳೆಯುವ ಒಂದು ಥರ್ಮೋಕಪಲ್ 290 ತೋರಿಸುತ್ತಿತ್ತು. ಹೈಡ್ರೋಜನ್ ಕಟ್ ಮಾಡಿದರು, ಇಳಿಯಿತು. ಹೊರಗಿನಿಂದ ನೋಡಿದರೆ ಏನೂ ಆಗಿರಲಿಲ್ಲ. ಸದ್ದಿಲ್ಲ, ಹೊಗೆಯಿಲ್ಲ. ಆದರೆ ಮೂರು ವರ್ಷ ಬರಬೇಕಿದ್ದ ಕ್ಯಾಟಲಿಸ್ಟ್ ಒಂದೂವರೆ ವರ್ಷಕ್ಕೆ ಸುಸ್ತಾಯಿತು. ನನ್ನ ತೂಕದ ಪುಸ್ತಕದಲ್ಲಿ ಆ ಗಂಟೆಯ ಅಂಕಿ ಮಾತ್ರ ಸುತ್ತಲಿನದಕ್ಕಿಂತ ಎತ್ತರಕ್ಕೆ ನಿಂತಿತ್ತು.

ಇನ್ನೊಂದು ಮಾತು, ವಿದ್ಯಾರ್ಥಿಗಳಿಗೆ. ಪುಸ್ತಕದಲ್ಲಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಸೇರಿ ಮೆಥನಾಲ್ ಅಂತ ಇರುತ್ತದೆ, ನಾನೂ ಹಾಗೇ ಹೇಳಿದೆ. 1980ರ ದಶಕದಲ್ಲಿ ಕಾರ್ಬನ್ನಿಗೆ ಗುರುತು ಹಾಕಿ ಹಿಂಬಾಲಿಸಿದಾಗ ಗೊತ್ತಾದದ್ದು ಬೇರೆ. ತಾಮ್ರದ ಮೇಲೆ ಮೆಥನಾಲ್ ಆಗುವುದು ಬಹುಪಾಲು ಅನಿಲದಲ್ಲೇ ಬೆರೆತಿರುವ ಕಾರ್ಬನ್ ಡೈಆಕ್ಸೈಡಿನಿಂದ. ಮೊನಾಕ್ಸೈಡ್ ಪಕ್ಕದಲ್ಲಿ ನಿಂತು ನೀರಿನ ಆವಿ ತೆಗೆದುಕೊಂಡು ಮತ್ತೆ ಡೈಆಕ್ಸೈಡ್ ಮಾಡಿಕೊಡುತ್ತದೆ. ಇಪ್ಪತ್ತು ವರ್ಷ ಕಾರ್ಖಾನೆ ಓಡಿಸಿದ ಮೇಲೆ ಒಳಗೆ ಏನು ನಡೆಯುತ್ತಿದೆ ಅಂತ ತಿಳಿಯಿತು! ಬರೀ ಡೈಆಕ್ಸೈಡ್ ಕೊಟ್ಟೂ ಮಾಡಬಹುದು. ಐಸ್‌ಲ್ಯಾಂಡಿನಲ್ಲಿ 2012ರಿಂದ ಭೂಶಾಖದ ವಿದ್ಯುತ್ ಸ್ಥಾವರದ ಡೈಆಕ್ಸೈಡ್ ಹಿಡಿದು, ನೀರು ಒಡೆದ ಹೈಡ್ರೋಜನ್ ಸೇರಿಸಿ ಮಾಡಿ ತೋರಿಸಿದ್ದಾರೆ. ಆದರೆ ಆಗ ನೀರು ಜಾಸ್ತಿ ಹುಟ್ಟುತ್ತದೆ. ಉಪ್ಪಿನ ಡಬ್ಬಿ ನೆನಪಿದೆಯಲ್ಲ?

ಮಾತು ಮುಗಿದ ಮೇಲೆ ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದರು. ಅಡಿಕೆ ಬೆಳೆಗಾರರು. "ಅಲ್ಲಾ ಮಾರಾಯ್ರೇ, ಸುಲಿದ ಅಡಿಕೆ ಸಿಪ್ಪೆ ರಸ್ತೆ ಪಕ್ಕ ರಾಶಿ ಬಿದ್ದಿರ್ತದೆ. ಅದರಿಂದ ಮಾಡ್ಲಿಕ್ಕೆ ಆಗ್ತದಾ?"

ನಾನು ಹೇಳಿದೆ: ಆಗುತ್ತದೆ ಸರ್. ಭದ್ರಾವತಿಯ ಲೆಕ್ಕ ನೆನಪಿಸಿಕೊಳ್ಳಿ, ಟನ್ ಮರಕ್ಕೆ ಹತ್ತು ಇಪ್ಪತ್ತು ಕಿಲೋ. ಅದೇ ಮರವನ್ನು ಪೂರ್ತಿ ಅನಿಲ ಮಾಡಿ ಈ ಗುಳಿಗೆ ಮೇಲೆ ಹಾಯಿಸಿದರೆ ಟನ್ನಿಗೆ ನಾನೂರು ಕಿಲೋ ಹತ್ತಿರ ಹೋಗಬಹುದು. ಸಿಪ್ಪೆಯೂ ಹಾಗೇ. ಆದರೆ ಸಿಪ್ಪೆಯ ಅನಿಲದಲ್ಲಿ ಟಾರು ಇರುತ್ತದೆ, ಗಂಧಕ ಇರುತ್ತದೆ, ಕ್ಲೋರಿನ್ ಇರುತ್ತದೆ. ಕ್ಲೋರಿನ್ ತಾಮ್ರಕ್ಕೆ ಗಂಧಕದಷ್ಟೇ ಶತ್ರು. ಹೈಡ್ರೋಜನ್ ಕಮ್ಮಿ ಬೀಳುತ್ತದೆ, ಅದನ್ನು ಸರಿದೂಗಿಸಬೇಕು. ತೊಳೆಯುವ ಯಂತ್ರಕ್ಕೇ ಎಷ್ಟು ಖರ್ಚು ಬರುತ್ತದೆ ಅಂದರೆ, ಸಣ್ಣ ಘಟಕಕ್ಕೆ ಲೆಕ್ಕ ಕೂಡುವುದಿಲ್ಲ. ನಾಲ್ಕೈದು ತಾಲೂಕಿನ ಸಿಪ್ಪೆ ಒಂದು ಕಡೆ ಬರಬೇಕು, ವರ್ಷಪೂರ್ತಿ ಬರಬೇಕು, ಒಣಗಿರಬೇಕು.

"ಒಣಗಿರಬೇಕಾ?" ಅಂತ ಅವರು ಕಿಟಕಿ ಕಡೆ ಒಂದು ಸಲ ನೋಡಿ, ನಕ್ಕು ಕೂತರು.

ಡಬ್ಬಿ ವಾಪಸ್ ಬಂದಾಗ ಐದೇ ಗುಳಿಗೆ ಇದ್ದವು. ತೆಗೆದುಕೊಂಡವರು ಇಟ್ಟುಕೊಳ್ಳಿ, ಊಟಕ್ಕೆ ಮುಂಚೆ ಕೈ ತೊಳೆದುಕೊಳ್ಳಿ.